ಕಾರು ನೋಡೋಕೆ ಹೋಗುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಅಣ್ಣ ಫೋನ್ ಮಾಡಿದ್ದ. ನೀನು ಕಾರು ತಗೊಳ್ಳಬೇಕು ಅಂತ ಓಡಾಡುತ್ತಿದ್ದೀಯಂತೆ. ಹೊಸದಾ, ಹಳೆಯದಾ ಅಂತ ಇನ್ನೂ ತೀರ್ಮಾನ ಆಗಿಲ್ಲವಂತೆ. ಶನಿವಾರ ಸುಮ್ನೆ ನೋಡಿಕೊಂಡು ಬರೋಕೆ ಹೋಗುತ್ತೀಯ ಅಂದ. ಆ 'ಸುಮ್ನೆ' ಕೇಳಿಯೇ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮೊದಲ ಕಾರಿನ ಕಥೆ ನಿನಗೆ ಗೊತ್ತಿಲ್ಲ. ನೀನಿನ್ನೂ ಹುಟ್ಟಿರಲಿಲ್ಲ. ತಿಳಿ ನೀಲಿ ಬಣ್ಣದ್ದು, 4 ವರ್ಷ ಹಳೆಯದು. ಸಂಜೆ ಹೊತ್ತು ನೋಡೋಕೆ ಹೋದೆ. ಒಳಗೆ ಘಮ್ಮೆಂದು ಸೆಂಟಿನ ವಾಸನೆ. ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದೆ, ಅಷ್ಟೇ. ಕಾರು ನನ್ನದೇ ಅನ್ನಿಸಿಬಿಟ್ಟಿತು. ಎಂಟು ಗಂಟೆಗೆ ಇನ್ನೊಬ್ಬರು ದುಡ್ಡು ಹಿಡಿದುಕೊಂಡು ಬರುತ್ತಾರೆ ಅಂದರು ಮಾರುವವರು. ಕೈಲಿದ್ದದ್ದನ್ನೆಲ್ಲ ಮುಂಗಡ ಕೊಟ್ಟು ಬಂದೆ. ನಾಲ್ಕು ತಿಂಗಳಿಗೆ ದೀಪಗಳು ಮಿಣುಕತೊಡಗಿದವು. ಕಿಟಕಿ ಗಾಜು ಅರ್ಧಕ್ಕೆ ನಿಂತಿತು. ಮೆಕ್ಯಾನಿಕ್ ಕೆಳಗಿನ ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒಣಗಿದ ನಯವಾದ ಕೆಸರು. ನೀರಿನಲ್ಲಿ ಮುಳುಗಿ ಎದ್ದ ಕಾರು ಅದು. ಸೆಂಟು ಯಾಕೆ ಅಂತ ಆಗ ಗೊತ್ತಾಯಿತು. ಕೊಂಡ ಬೆಲೆಯ ಮೂರನೇ ಒಂದು ಭಾಗ ವೈರಿಂಗಿಗೇ ಹೋಯಿತು. ಕೊನೆಗೆ ಇದ್ದ ವಿಷಯ ಇದ್ದ ಹಾಗೆ ಹೇಳಿ, ಸಿಕ್ಕಷ್ಟಕ್ಕೆ ಮಾರಿದೆ.

ಪುಟ್ಟಿ, ಸೀಟಿನಲ್ಲಿ ಕೂತ ಕ್ಷಣದಲ್ಲೇ ನಾನು ಸೋತಿದ್ದೆ. ಬೆಲೆಯ ಮಾತು ಆಮೇಲೆ ಬಂತು. ಈ ಪತ್ರದಲ್ಲಿ ನಾನು ಹೇಳುವ ಲೆಕ್ಕ, ಪರೀಕ್ಷೆ, ಕಾಗದ ಎಲ್ಲವೂ ಒಂದಕ್ಕೇ: 'ಬೇಡ' ಅಂತ ಹೇಳಿ ಎದ್ದು ಬರೋಕೆ ನಿನಗೆ ಆಗಬೇಕು.

ಮೊದಲು ಹೊಸದಾ ಹಳೆಯದಾ ಅನ್ನುವುದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡು. ಹೊಸ ಕಾರಿನ ಬೆಲೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ನೂರಕ್ಕೆ 15ರಿಂದ 20 ಪಾಲು ಇಳಿಯುತ್ತೆ. 5 ವರ್ಷಕ್ಕೆ ಹತ್ತಿರ ಹತ್ತಿರ ಅರ್ಧ. ಮಾಡೆಲ್ ನೋಡಿಕೊಂಡು ಹೆಚ್ಚು ಕಮ್ಮಿ ಆಗಬಹುದು. ಒಂದು ಲೆಕ್ಕ ಹಾಕೋಣ. ಹೊಸದರ ಬೆಲೆ 100 ಅಂತ ಇಟ್ಟುಕೋ. 5 ವರ್ಷ ಓಡಿಸಿ 50ಕ್ಕೆ ಮಾರಿದರೆ ವರ್ಷಕ್ಕೆ 10 ಕರಗಿತು. ಅದೇ ಕಾರನ್ನು 3 ವರ್ಷ ಆದಮೇಲೆ 65ಕ್ಕೆ ಕೊಂಡು, ನೀನು 5 ವರ್ಷ ಓಡಿಸಿ, 32ಕ್ಕೆ ಮಾರಿದೆ ಅನ್ನು. ಹೋದದ್ದು 33. ವರ್ಷಕ್ಕೆ ಆರೂವರೆ. ಟೈರು, ಬ್ಯಾಟರಿ, ಬ್ರೇಕು ಅಂತ ಇನ್ನೂ ಒಂದೂವರೆ ಸೇರಿಸಿದರೂ ಹಳೆಯದೇ ಅಗ್ಗ.

ಆದರೆ ನೀನು 12 ವರ್ಷ ಒಂದೇ ಕಾರು ಓಡಿಸುವವಳಾದರೆ ಲೆಕ್ಕ ಬದಲಾಗುತ್ತೆ. 100ಕ್ಕೆ ಕೊಂಡು ಕೊನೆಗೆ 15ಕ್ಕೆ ಮಾರಿದರೂ ವರ್ಷಕ್ಕೆ 7 ಚಿಲ್ಲರೆ ಅಷ್ಟೇ. ಅದೇ 65ರ ಕಾರನ್ನು 12 ವರ್ಷ ವಯಸ್ಸಾಗುವ ತನಕ ಇಟ್ಟುಕೊಂಡರೆ ವರ್ಷಕ್ಕೆ ಐದೂವರೆ. ರಿಪೇರಿ ಸೇರಿಸಿದರೆ ಎರಡೂ ಸಮಸಮ. ಜೊತೆಗೆ ಹೊಸದರಲ್ಲಿ ಮೊದಲ ಕೆಲವು ವರ್ಷ ವಾರಂಟಿ ಇರುತ್ತೆ, ಹಿಂದಿನವರು ಹೇಗೆ ಓಡಿಸಿದರೋ ಅನ್ನುವ ಚಿಂತೆ ಇರೋದಿಲ್ಲ. ಹಾಗಾಗಿ ಎಷ್ಟು ವರ್ಷ ಇಟ್ಟುಕೊಳ್ಳುತ್ತೀಯ ಅನ್ನುವುದನ್ನು ಮೊದಲು ಕೇಳಿಕೋ. ನಿನ್ನ ಕೆಲಸ, ಮನೆ ಎರಡೂ ಇನ್ನೂ ಒಂದು ಕಡೆ ನಿಂತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ 3ರಿಂದ 4 ವರ್ಷ ಹಳೆಯ ಕಾರು ನೋಡು. ತೀರಾ ಹಳೆಯದಕ್ಕೆ ಹೋಗಬೇಡ. ತಿರುವಿನಲ್ಲಿ ಜಾರುವಾಗ ಕಾರನ್ನು ತಾನೇ ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಅಂತ ಒಂದಿದೆ. 1995ರಲ್ಲಿ ದುಬಾರಿ ಕಾರಿನಲ್ಲಿ ಶುರುವಾದದ್ದು ನಿಧಾನಕ್ಕೆ ಸಣ್ಣ ಕಾರುಗಳಿಗೂ ಬಂತು. ಅದು, ಏರ್‌ಬ್ಯಾಗು ಎರಡೂ ಇಲ್ಲದ ಕಾರು ಎಷ್ಟೇ ಅಗ್ಗವಾಗಿ ಸಿಕ್ಕರೂ ನೀನು ಅದರಲ್ಲಿ ಓಡಾಡುವುದು ನನಗೆ ಬೇಡ.

ಇನ್ನು ಸಾಲ. 28 ವರ್ಷ ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತವಳು ನಾನು, ಈ ಮಾತನ್ನು ಮಾತ್ರ ಎರಡು ಸಲ ಓದು. ಷೋರೂಮಿನಲ್ಲಿ ಮೊದಲು ಕೇಳುವ ಪ್ರಶ್ನೆ, 'ತಿಂಗಳಿಗೆ ಎಷ್ಟು ಕಟ್ಟಬಹುದು ಮೇಡಂ?' ಅದಕ್ಕೆ ಉತ್ತರ ಕೊಡಬೇಡ. ಕೊಟ್ಟರೆ ಕಂತು ನಿನಗೆ ಹೊಂದುವ ಹಾಗೆ ಅವಧಿ ಎಳೆಯುತ್ತಾರೆ. ಅಷ್ಟರಲ್ಲಿ ಬೆಲೆಯ ಮಾತೇ ಹಿಂದೆ ಸರಿದಿರುತ್ತೆ. 100 ಸಾಲಕ್ಕೆ ವರ್ಷಕ್ಕೆ ಶೇ. 9 ಬಡ್ಡಿ ಅಂದುಕೋ. 3 ವರ್ಷಕ್ಕೆ ತೀರಿಸಿದರೆ ಬಡ್ಡಿ ಹದಿನಾಲ್ಕೂವರೆ. 7 ವರ್ಷಕ್ಕೆ ಎಳೆದರೆ 35. ಕಂತು ಅರ್ಧವಾಯಿತು ಅಂತ ಖುಷಿ, ಆದರೆ ಬಡ್ಡಿ ಎರಡೂವರೆ ಪಟ್ಟಿನ ಹತ್ತಿರ. ಮೇಲಾಗಿ ಮೊದಲ ವರ್ಷಗಳಲ್ಲಿ ಸಾಲ ಇಳಿಯುವುದಕ್ಕಿಂತ ಬೇಗ ಕಾರಿನ ಬೆಲೆ ಇಳಿಯುತ್ತೆ. ಆಗ ಮಾರಬೇಕಾಗಿ ಬಂದರೆ ಕಾರೂ ಹೋಯಿತು, ಸಾಲವೂ ಉಳಿಯಿತು. ಇಂಥವರು ನನ್ನ ಮೇಜಿನ ಎದುರು ಬಂದು ಕೂರುತ್ತಿದ್ದರು. ಅವರ ಮುಖಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ.

'ಫ್ಲಾಟ್' ಬಡ್ಡಿ ಅಂದರೂ ಎಚ್ಚರ. 5 ವರ್ಷಕ್ಕೆ ಶೇ. 8 ಫ್ಲಾಟ್ ಅಂದರೆ ಕೇಳೋಕೆ ಕಮ್ಮಿ. ತೀರಿಸಿದ ಅಸಲಿನ ಮೇಲೂ ಕೊನೆತನಕ ಬಡ್ಡಿ ಹಾಕುವುದರಿಂದ, ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು ಸುಮಾರು ಶೇ. 14 ಆಗುತ್ತೆ. ಕಾರು ನೋಡುವ ಮೊದಲೇ ಎರಡು ಮೂರು ಕಡೆ ವಿಚಾರಿಸಿ, ಒಂದು ಕಡೆ ಸಾಲದ ಮಂಜೂರಾತಿ ಪತ್ರ ತಗೊಂಡು ಬ್ಯಾಗಿನಲ್ಲಿ ಇಟ್ಟುಕೋ. ಷೋರೂಮಿನವರು ಅದಕ್ಕಿಂತ ಕಮ್ಮಿಗೆ ಕೊಟ್ಟರೆ ಸಂತೋಷ.

ಹಳೆಯ ಕಾರಿನ ಸಂತೆಯಲ್ಲಿ ಮುಖ್ಯ ತೊಂದರೆ ಒಂದೇ. ಮಾರುವವರಿಗೆ ಗೊತ್ತಿರುವುದು ಕೊಳ್ಳುವವರಿಗೆ ಗೊತ್ತಿಲ್ಲ. ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆ ಕಾರುಗಳನ್ನೇ ಉದಾಹರಣೆ ಇಟ್ಟುಕೊಂಡು ಇದನ್ನು ಬಿಡಿಸಿ ಬರೆದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗದ ಕಾರಣ ಜನ ಎಲ್ಲದಕ್ಕೂ ನಡುವಿನ ಬೆಲೆ ಕೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರುವುದಿಲ್ಲ. ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅವರಿಗೆ 2001ರಲ್ಲಿ ನೊಬೆಲ್ ಬಂತು. ನಾನು ಅದೇ ಪಾಠವನ್ನು ಕಾರ್ಪೆಟ್ ಅಡಿಯಲ್ಲಿ ಕಲಿತೆ. ಆದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತುಮಾಡಿಕೊಳ್ಳೋಕೆ ಖರ್ಚು ಮಾಡು. ಮಾರುವವರ ಕಡೆಯವನಲ್ಲದ ಮೆಕ್ಯಾನಿಕ್‌ನ ಕರೆದುಕೊಂಡು ಹೋಗು. ಅವನ ಕೂಲಿ ದಂಡ ಅಂತ ಅಂದುಕೊಳ್ಳಬೇಡ. 'ಬೇಡ' ಅನ್ನುವ ಕಾರಿಗೂ ಸಂತೋಷವಾಗಿ ಕೊಡು. ತೋರಿಸೋಕೆ ಬಿಡೋದಿಲ್ಲ ಅನ್ನುವವರ ಹತ್ತಿರ ಮುಂದಿನ ಮಾತೇ ಬೇಡ.

ಮೆಕ್ಯಾನಿಕ್ ಬರುವ ಮೊದಲು ನೀನೇ ನೋಡಬಹುದಾದದ್ದೂ ಬೇಕಾದಷ್ಟಿದೆ. ಹಗಲಲ್ಲಿ ಹೋಗು. ಮಳೆ ಬಂದು ನೆನೆದ ಕಾರಿನ ಮೇಲೆ ಗೀರು, ಪೇಂಟಿನ ವ್ಯತ್ಯಾಸ ಕಾಣೋದಿಲ್ಲ. ನಾನು ಬರುವ ತನಕ ಎಂಜಿನ್ ಚಾಲು ಮಾಡಬೇಡಿ ಅಂತ ಮೊದಲೇ ಹೇಳಿರು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡು. ಬೆಚ್ಚಗಿದ್ದರೆ ಯಾಕೆ ಅಂತ ಕೇಳು. ತಣ್ಣಗಿನ ಎಂಜಿನ್ ಚಾಲು ಆಗುವಾಗಲೇ ಅದರ ನಿಜ ಗೊತ್ತಾಗುವುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಅಂದರೆ ಇಂಧನ ಜಾಸ್ತಿ ಹೋಗುತ್ತಿದೆ. ಚಳಿಯಲ್ಲಿ ಸ್ವಲ್ಪ ಬಿಳಿ ಹಬೆ ಬಂದು ನಿಂತರೆ ಹೆದರಬೇಡ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ, ಸಿಹಿ ವಾಸನೆ ಇದ್ದರೆ, ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಒಳಗೆ ಸೋರುತ್ತಿರಬಹುದು. ಅದು ದೊಡ್ಡ ಖರ್ಚು.

ಸೀಟ್ ಬೆಲ್ಟನ್ನು ಕೊನೆತನಕ ಎಳೆ. ನೀರಿನಲ್ಲಿ ನಿಂತ ಕಾರಾದರೆ ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತೆ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕು ಇದೆಯಾ ನೋಡು. ಟೈರಿನ ಪಕ್ಕದಲ್ಲಿ 4 ಅಂಕಿ ಇರುತ್ತೆ. 2321 ಅಂತಿದ್ದರೆ 2021ರ 23ನೇ ವಾರದಲ್ಲಿ ಮಾಡಿದ್ದು ಅಂತ. 20,000 ಕಿ.ಮೀ. ಮಾತ್ರ ಓಡಿದೆ ಅನ್ನುವ ಕಾರಿನ ನಾಲ್ಕೂ ಟೈರು ಬದಲಾಗಿದ್ದರೆ ಮೀಟರನ್ನು ನಂಬಬೇಡ. ಸವೆದ ಪೆಡಲ್ ರಬ್ಬರು, ನುಣುಪಾದ ಸ್ಟೀರಿಂಗ್ ಕೂಡ ಇದನ್ನೇ ಹೇಳುತ್ತವೆ. ಸರ್ವಿಸ್ ಬಿಲ್ಲುಗಳಲ್ಲಿ ಬರೆದ ಕಿ.ಮೀ. ಸಾಲಾಗಿ ಏರುತ್ತಾ ಬಂದಿರಬೇಕು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಯಾವಾಗ ಬದಲಿಸಿದರು ಅಂತ ಬಿಲ್ ಸಮೇತ ಕೇಳು. ಎಷ್ಟೋ ಎಂಜಿನ್‌ಗಳಲ್ಲಿ ಆ ಬೆಲ್ಟ್ ತುಂಡಾದರೆ ವಾಲ್ವುಗಳೇ ಬಾಗಿಹೋಗುತ್ತವೆ. ಎಲೆಕ್ಟ್ರಿಕ್ ಕಾರಾದರೆ ಈ ಹೊಗೆ, ಬೆಲ್ಟಿನ ಗೋಜು ಇಲ್ಲ. ಆದರೆ ಬ್ಯಾಟರಿಯ ಆರೋಗ್ಯ ಎಷ್ಟು ಪಾಲು ಉಳಿದಿದೆ, ಅದರ ವಾರಂಟಿ ಎಷ್ಟು ವರ್ಷ ಬಾಕಿ ಇದೆ ಅನ್ನುವುದೇ ಆ ಕಾರಿನ ಅರ್ಧ ಬೆಲೆ ಅಂತ ತಿಳಿ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. 17 ಅಕ್ಷರ, ಅಂಕಿಗಳ ಚಾಸಿ ನಂಬರು ಕಾರಿನ ಮೇಲೂ ಕಾಗದದಲ್ಲೂ ಒಂದೇ ಇರಬೇಕು. ಆ ನಂಬರಿನಿಂದಲೇ ಕಂಪನಿ ದೋಷ ಸರಿಪಡಿಸೋಕೆ ವಾಪಸ್ ಕರೆದಿದೆಯಾ ಅಂತ ತಿಳಿಯಬಹುದು. ಮಾರುವವರೇ ಮಾಲೀಕರಾ, ಕಾರಿನ ಮೇಲೆ ಸಾಲ ಬಾಕಿ ಇದೆಯಾ ನೋಡು. ಬಾಯಿಮಾತಿನ ಮೇಲೆ ಮುಂಗಡ ಕೊಡಲೇಬೇಡ. ಮೆಕ್ಯಾನಿಕ್ ಒಪ್ಪದಿದ್ದರೆ ದುಡ್ಡು ವಾಪಸ್ ಅಂತ ರಸೀದಿಯಲ್ಲಿ ಬರೆಸಿಕೋ.

ಈಗ ಚೌಕಾಸಿ. ನಿನಗೆ ಜಗಳ ಅಂದರೆ ಹಿಂಜರಿಕೆ, ನನಗೆ ಗೊತ್ತು. ಚೌಕಾಸಿಗೆ ಜಗಳ ಬೇಕಾಗಿಲ್ಲ ಪುಟ್ಟಿ, ತಯಾರಿ ಬೇಕು. ಅದೇ ಮಾಡೆಲ್, ಅದೇ ವಯಸ್ಸು, ಅಷ್ಟೇ ಓಡಿದ ಕಾರುಗಳು ಎಷ್ಟಕ್ಕೆ ಹೋಗುತ್ತಿವೆ ಅಂತ ಏಳೆಂಟು ನೋಡಿ ಬರೆದಿಡು. ಆಮೇಲೆ ಒಂದು ಚೀಟಿಯಲ್ಲಿ ನೀನು ಕೊಡುವ ಗರಿಷ್ಠ ಬೆಲೆ ಬರೆದು ಪರ್ಸಿನಲ್ಲಿ ಇಟ್ಟುಕೋ. ಆ ಅಂಕಿಯನ್ನು ಯಾರಿಗೂ ಹೇಳಬೇಡ, ಅಲ್ಲಿ ಕೂತು ಬದಲಿಸಲೂ ಬೇಡ. ಬದಲಿಸಬೇಕು ಅನ್ನಿಸಿದರೆ ಮನೆಗೆ ಬಂದು, ಮರುದಿನ ಬದಲಿಸು.

ಹಳೆಯ ಕಾರಿನವರ ಎದುರು ಕಾರನ್ನು ಹೀಗಳೆಯಬೇಡ. ಅವರು ಅದರಲ್ಲಿ ಎಷ್ಟೋ ವರ್ಷ ಓಡಾಡಿರುತ್ತಾರೆ, ಮನಸ್ಸಿಗೆ ನೋವಾಗುತ್ತೆ. ಬೈದರೆ ಬೆಲೆಯೂ ಇಳಿಯೋದಿಲ್ಲ. ಮೆಕ್ಯಾನಿಕ್ ಕೊಟ್ಟ ಪಟ್ಟಿ ಮುಂದಿಡು. ಎರಡು ಟೈರು, ಮುಂದಿನ ಬ್ರೇಕ್ ಪ್ಯಾಡು, ಕ್ಲಚ್ಚು, ಇಷ್ಟು ಖರ್ಚಿದೆ, ಹಾಗಾಗಿ ನಾನು ಇಷ್ಟು ಕೊಡಬಲ್ಲೆ ಅನ್ನು. ಕಾರಣ ಇರುವ ಅಂಕಿಗೆ ತೂಕ ಜಾಸ್ತಿ. ಹೇಳಿದ ಮೇಲೆ ಸುಮ್ಮನಿರು. ಇದು ಕಷ್ಟ. ಆ ಮೌನ ತಡೆಯಲಾರದೆ ಎಷ್ಟೋ ಜನ ತಾವು ಹೇಳಿದ ಬೆಲೆಯನ್ನು ತಾವೇ ಏರಿಸಿಬಿಡುತ್ತಾರೆ. ನೀನು ಮನಸ್ಸಿನಲ್ಲೇ ಎಣಿಸುತ್ತಾ ಕೂರು.

ಹೊಸದೇ ಆಗಲಿ ಅನ್ನಿಸಿದರೆ ದಾರಿ ಸ್ವಲ್ಪ ಬೇರೆ. ಮೂರು ಕಡೆಯಿಂದ ಒಂದೇ ಮಾಡೆಲ್ಲಿಗೆ ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿದ ಪೂರ್ತಿ ಬೆಲೆ ಬರೆಸಿಕೊಂಡು ಬಾ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಯಾರು ಎಲ್ಲಿ ಏನು ಸೇರಿಸಿದ್ದಾರೆ ತಾನಾಗಿ ಕಾಣುತ್ತೆ. ಮಾರುವವರಿಗೆ ತಿಂಗಳ, ವರ್ಷದ ಗುರಿ ಇರುತ್ತೆ, ಹಾಗಾಗಿ ಕೊನೆಯ ದಿನಗಳಲ್ಲಿ ಕೈ ಸ್ವಲ್ಪ ಸಡಿಲ. ಹೊಸ ರೂಪ ಬರುವ ಮೊದಲು ಹಳೆ ರೂಪದ ಕಾರಿಗೂ ಹಾಗೇ. ಕಾರಿನ ಬೆಲೆ, ಹಳೆ ಕಾರಿನ ವಿನಿಮಯ, ಸಾಲ, ಈ ಮೂರನ್ನೂ ಕಲಸಬೇಡ. ಒಂದು ಮುಗಿದ ಮೇಲೆ ಇನ್ನೊಂದು. ಕಲಸಿದರೆ ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋದದ್ದು ಗೊತ್ತಾಗೋದಿಲ್ಲ. ಎಲ್ಲ ಮುಗಿದು ಸಹಿ ಹಾಕುವ ಹೊತ್ತಿಗೆ ಪೇಂಟ್ ಕೋಟಿಂಗು, ಹೆಚ್ಚುವರಿ ವಾರಂಟಿ, ಸೀಟ್ ಕವರು ಅಂತ ಬರುತ್ತೆ. ದಣಿದಿರುತ್ತೀಯ, ಹೂಂ ಅಂದುಬಿಡಬೇಡ. ಬೇಕಾದರೆ ಆಮೇಲೆ ಹೊರಗೆ ಹಾಕಿಸಿಕೊಳ್ಳಬಹುದು.

ಓಡಿಸಿ ನೋಡಿದ ದಿನವೇ ಬೆಲೆ ಮಾತಾಡಬೇಡ. ಆ ದಿನ ಮನಸ್ಸು ಕಾರಿನಲ್ಲೇ ಇರುತ್ತೆ. 'ಇವತ್ತೇ ಹೇಳಿ, ನಾಳೆ ಈ ಬೆಲೆ ಇರೋದಿಲ್ಲ' ಅಂದರೆ ನನ್ನ ನೀಲಿ ಕಾರನ್ನು ನೆನೆಸಿಕೋ.

ಶನಿವಾರ ಅಣ್ಣನನ್ನು ಕರೆದುಕೊಂಡು ಹೋಗಬೇಡ. ನಿನಗಿಂತ ಮೊದಲು ಅವನೇ ಹೂಂ ಅನ್ನುತ್ತಾನೆ. ಎಂಜಿನ್ ಸದ್ದು ಕೇಳಿದರೆ ಚಿಕ್ಕಂದಿನಿಂದಲೂ ಅವನು ಹಾಗೇ. ನಾನು ಬರುತ್ತೇನೆ. ಹೊರಡುವ ಮೊದಲು ಚೀಟಿಯಲ್ಲಿ ಬರೆದ ಅಂಕಿಯನ್ನು ನನಗೂ ಹೇಳಬೇಡ, ಬರೆದಿದ್ದೀಯ ಅಂತ ಮಾತ್ರ ಹೇಳು. ಸೀಟ್ ಬೆಲ್ಟ್ ನೀನು ಎಳೆ, ಸ್ಟೆಪ್ನಿ ಗುಂಡಿ ನಾನು ನೋಡುತ್ತೇನೆ. ಟಾರ್ಚ್ ನನ್ನ ಹತ್ತಿರ ಇದೆ.

ಪ್ರೀತಿಯಿಂದ,
ನಿನ್ನ ಅತ್ತೆ