ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಓದು: ಸೋದರ ಸೊಸೆಗೊಂದು ಪತ್ರ

ದಾವಣಗೆರೆ

ಚಿ. ನಂದಿನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಲ್ಲಿ ಅಕ್ಕ, ಭಾವನವರ ಆರೋಗ್ಯದ ಬಗ್ಗೆ ಆಗಾಗ ತಿಳಿಸುತ್ತಿರು.

ಬಿ.ಎ. ಮುಗಿದ ಮೇಲೆ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಮನಸ್ಸಿದೆ, ಎಲ್ಲಿ ಸೇರಲಿ ಎಂದು ಕೇಳಿದ್ದೀಯೆ. ನೀನು ಕಳುಹಿಸಿದ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಹೆಸರು, ಶುಲ್ಕ, ಹಾಸ್ಟೆಲ್ ಸೌಲಭ್ಯ ಎಲ್ಲವೂ ಇವೆ. ಅಲ್ಲಿ ಏನು ಓದಿಸುತ್ತಾರೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಸೇವೆಯ ಬಹುಭಾಗವನ್ನು ಜಿಲ್ಲಾ ಪಂಚಾಯಿತಿಯ ಯೋಜನಾ ಶಾಖೆಯಲ್ಲಿ ಕಳೆದ ನನಗೆ ಮೊದಲು ಬೇಕೆನಿಸಿದ್ದು ಅದೇ.

ಅದಕ್ಕೂ ಮುಂಚೆ ಭಾವನವರ ಮಾತೊಂದಕ್ಕೆ ಉತ್ತರ ಹೇಳಬೇಕು. ಐ.ಎ.ಎಸ್. ಬರೆಯುವುದಿದ್ದರೆ ಈ ಎಂ.ಎ. ಇರಲೇಬೇಕೆಂದು ಅವರಿಗೆ ಯಾರೋ ಹೇಳಿದಂತಿದೆ. ಕೇಂದ್ರ ಲೋಕಸೇವಾ ಆಯೋಗ ಕೇಳುವುದು ಮಾನ್ಯತೆ ಪಡೆದ ಯಾವುದಾದರೂ ಒಂದು ಪದವಿಯನ್ನು ಮಾತ್ರ. ಮುಖ್ಯ ಪರೀಕ್ಷೆಯಲ್ಲಿ ಸಾರ್ವಜನಿಕ ಆಡಳಿತವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ತಲಾ 250 ಅಂಕಗಳ ಎರಡು ಪತ್ರಿಕೆಗಳಿರುತ್ತವೆ, ನಿಜ. ಆದರೆ ಇತಿಹಾಸ ಓದಿದವರೂ ಎಂಜಿನಿಯರಿಂಗ್ ಓದಿದವರೂ ಆ ವಿಷಯವನ್ನು ಸ್ವಂತವಾಗಿ ಓದಿಕೊಂಡು ಬರೆಯುತ್ತಾರೆ. ನಮ್ಮ ಕೆ.ಎ.ಎಸ್. ಮುಖ್ಯ ಪರೀಕ್ಷೆಯಲ್ಲಂತೂ ಈಗ ಐಚ್ಛಿಕ ವಿಷಯವೇ ಇಲ್ಲ. ಎಂ.ಎ. ತರಗತಿಯಲ್ಲಿ ಹೆಸರು ಬರೆಸಿ, ಹಾಜರಾತಿಗಷ್ಟೇ ಹೋಗಿ, ಮಿಕ್ಕ ಹೊತ್ತನ್ನೆಲ್ಲ ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ಕಳೆಯುವ ಮಕ್ಕಳನ್ನು ನಾನು ಕಂಡಿದ್ದೇನೆ. ಅಲ್ಲಿಯದೂ ಅರ್ಧ, ಇಲ್ಲಿಯದೂ ಅರ್ಧ. ಪರೀಕ್ಷೆ ಬರೆಯಬೇಡ ಎನ್ನುತ್ತಿಲ್ಲ, ಅಗತ್ಯವಾಗಿ ಬರೆ. ಅದು ಕೈಗೂಡದಿದ್ದರೂ ನಿನ್ನ ಓದಿಗೆ ತನ್ನದೇ ಬೆಲೆ ಇರಬೇಕು ಎಂಬುದಷ್ಟೇ ನನ್ನ ಆಗ್ರಹ.

ಬೆಲೆ ಎಂದರೇನು ಎಂಬುದಕ್ಕೆ ನನ್ನ ಶಾಖೆಗೆ ಬರುತ್ತಿದ್ದಂಥ ಒಂದು ವಿಷಯವನ್ನೇ ಹೇಳುತ್ತೇನೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟು ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕಿತ್ತು; ಉಳಿದ ಶೇ. 40 ಅನಿರ್ಬಂಧಿತ, ಅದರಲ್ಲಿಯೂ ಸಂಬಳ, ಕಚೇರಿ ವೆಚ್ಚಗಳಿಗೆ ಕೊಡುವಂತಿರಲಿಲ್ಲ. ಪುಸ್ತಕದಲ್ಲಿ ಇದು ಎರಡು ಸಾಲಿನ ಮಾತು. ಗ್ರಾಮಸಭೆಯಲ್ಲಿ ಕುಳಿತು ನೋಡಿದರೆ ಜನ ಕೇಳುವುದು ಹೊಲದ ದಾರಿಗೊಂದು ಮೋರಿ (ಕಿರುಸೇತುವೆ), ಮಳೆಗಾಲದಲ್ಲಿ ಗಾಡಿ ಹೂತುಹೋಗುತ್ತದೆ ಎಂದು. ಅದಕ್ಕೆ ಹಣ ಬರಬೇಕಾದದ್ದು ಆ ನಲವತ್ತರ ಪಾಲಿನಿಂದ, ಆ ಪಾಲಿನ ಮೇಲೆ ಆಗಲೇ ಹತ್ತು ಬೇಡಿಕೆಗಳು ಕುಳಿತಿರುತ್ತವೆ. ಆಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕ್ರಿಯಾಯೋಜನೆಯಲ್ಲಿ ಅದೇ ಮೋರಿಯನ್ನು ನೈರ್ಮಲ್ಯದ ಪಾಲಿಗೆ ಸೇರುವ ಚರಂಡಿ ಕಾಮಗಾರಿಯೆಂದು ತೋರಿಸಲು ಹವಣಿಸುತ್ತಾರೆ, ಎಂಜಿನಿಯರು ಅಂದಾಜು ಪಟ್ಟಿಯನ್ನು ಅದಕ್ಕೆ ತಕ್ಕಂತೆ ತಿದ್ದುತ್ತಾರೆ, ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ ಉತ್ತರ ಕೊಡುವ ಹೊತ್ತಿಗೆ ಇಬ್ಬರಿಗೂ ವರ್ಗವಾಗಿರುತ್ತದೆ. ಇದನ್ನು ಬರೀ ಅಪ್ರಾಮಾಣಿಕತೆ ಎಂದು ತಳ್ಳಿಹಾಕುವುದು ಸುಲಭ. ನಿರ್ಬಂಧ ಹಾಕಿದವರ ಉದ್ದೇಶವೂ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ಎಷ್ಟೋ ಊರುಗಳಲ್ಲಿ ನೀರಿನ ಹಣವೆಲ್ಲ ಕಾಂಕ್ರೀಟ್ ರಸ್ತೆಯಾಗಿಬಿಡುತ್ತಿತ್ತು. ನಿಯಮ ಮಾಡಿದವರ ಕಾರಣವನ್ನೂ ನಿಯಮ ಮುರಿದವರ ಕಾರಣವನ್ನೂ ಎದುರಿಗಿಟ್ಟುಕೊಂಡು, ಮುಂದಿನ ಮಾರ್ಗಸೂಚಿ ಹೇಗಿರಬೇಕೆಂದು ಎರಡು ಪುಟದ ಟಿಪ್ಪಣಿ ಬರೆಯುವ ಶಕ್ತಿ ಯಾವ ವಿಭಾಗದ ವಿದ್ಯಾರ್ಥಿಗೆ ಬರುತ್ತದೋ ಆ ವಿಭಾಗಕ್ಕೆ ನೀನು ಸೇರಬೇಕು.

ಹಾಗಾಗಿ ಹೆಸರುಗಳನ್ನು ಬದಿಗಿಟ್ಟು ಪಠ್ಯಕ್ರಮ ತರಿಸಿಕೊ. ಆಡಳಿತದ ಅಧ್ಯಯನದ ಬಗ್ಗೆ ವುಡ್ರೋ ವಿಲ್ಸನ್ 1887ರಲ್ಲಿ ಬರೆದ ಪ್ರಬಂಧದಿಂದ ಹಿಡಿದು ವೇಬರ್, ಟೇಲರ್, ಹರ್ಬರ್ಟ್ ಸೈಮನ್‌ರಂಥ ಚಿಂತಕರವರೆಗಿನ ಪಾಠಗಳು ಎಲ್ಲ ಕಡೆಯೂ ಇರುತ್ತವೆ, ಇರಬೇಕಾದವೇ. ಅದರಾಚೆಗೆ ಆಯವ್ಯಯ ಪತ್ರವನ್ನು ಓದಲು ಕಲಿಸುತ್ತಾರೆಯೇ, ಆಡಳಿತ ಕಾನೂನನ್ನು ಕಾನೂನು ಬಲ್ಲವರೇ ಪಾಠ ಮಾಡುತ್ತಾರೆಯೇ, ಸಂಖ್ಯಾಶಾಸ್ತ್ರ ಕಡ್ಡಾಯವೇ ಎಂದು ನೋಡು. ಸಂಖ್ಯೆಗಳೆಂದರೆ ನಿನಗೆ ಅಂಜಿಕೆ ಎಂದು ಬಲ್ಲೆ, ಆದರೂ ಈ ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿದ್ದು 35 ಸೂಚಕಗಳನ್ನು ಒಟ್ಟುಗೂಡಿಸಿದ ಸೂಚ್ಯಂಕದ ಮೇಲೆ. ಸೂಚಕಗಳನ್ನು ಬದಲಿಸಿದರೆ ಪಟ್ಟಿಯೂ ಬದಲಾದೀತು, ಪಟ್ಟಿಯ ಹಿಂದೆಯೇ ಹಣವೂ ಹೋದೀತು. ಆ ಲೆಕ್ಕ ಅರ್ಥವಾಗದವರು ಸಭೆಯಲ್ಲಿ ಮತ್ತೊಬ್ಬರು ಕೊಟ್ಟ ಅಂಕಿಗೆ ತಲೆಯಾಡಿಸಬೇಕಷ್ಟೇ.

ನಿನ್ನ ಪಟ್ಟಿಯಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನವರು 2014ರಲ್ಲಿ ಆರಂಭಿಸಿದ ಎರಡು ವರ್ಷದ ಸಾರ್ವಜನಿಕ ನೀತಿ ಕೋರ್ಸೂ ಇದೆ. ಇಂಥ ಕೋರ್ಸುಗಳ ಒಲವು ಕಚೇರಿ ಹೇಗೆ ನಡೆಯುತ್ತದೆ ಎಂಬುದಕ್ಕಿಂತ, ಸರ್ಕಾರ ಯಾವುದನ್ನು ಕೈಗೆತ್ತಿಕೊಳ್ಳಬೇಕು, ಕೈಗೆತ್ತಿಕೊಂಡದ್ದು ಫಲ ಕೊಟ್ಟಿತೇ ಎಂಬ ಕಡೆಗೆ ಹೆಚ್ಚು. ಸಂಶೋಧನಾ ಸಂಸ್ಥೆಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ, ಸಲಹಾ ಕಂಪನಿಗಳಿಗೆ ಹೋಗುವವರಿಗೆ ಅದು ಒಳ್ಳೆಯ ದಾರಿ, ಕಾನೂನಿನ ಬುನಾದಿಯೂ ಗಟ್ಟಿಯಾಗುತ್ತದೆ. ಶುಲ್ಕ ಮಾತ್ರ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ಎಂ.ಎ.ಗಿಂತ ಎಷ್ಟೋ ಪಟ್ಟು ಹೆಚ್ಚು. ಸಾಲ ಮಾಡಿ ಸೇರುವುದಾದರೆ ಮೊದಲ ನೌಕರಿಯನ್ನು ಸಾಲವೇ ಆರಿಸುತ್ತದೆ ಎಂಬುದನ್ನು ನೆನಪಿಡು. ಅಧ್ಯಾಪಕಿಯಾಗುವ ಆಸೆ ಇದ್ದರೆ ಇನ್ನೊಂದು ಸಂಗತಿ ಇದೆ: ನೆಟ್ ಪರೀಕ್ಷೆಯಲ್ಲಿ ಸಾರ್ವಜನಿಕ ಆಡಳಿತ ಪ್ರತ್ಯೇಕ ವಿಷಯವಾಗಿದ್ದರೂ, ನಮ್ಮ ಪದವಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರಕ್ಕಿರುವಷ್ಟು ಹುದ್ದೆಗಳು ಇದಕ್ಕಿಲ್ಲ.

ಇಗ್ನೋದಂಥ ದೂರಶಿಕ್ಷಣವನ್ನು ನಾನು ಕೀಳೆನ್ನುವುದಿಲ್ಲ. ಕೆಲಸದಲ್ಲಿರುವವರಿಗೆ ಅದು ವರವೇ, ಏಕೆಂದರೆ ಅವರಿಗೆ ಕಚೇರಿಯೇ ಕ್ಷೇತ್ರ. ನಿನಗೆ ಇನ್ನೂ ಕೆಲಸವಿಲ್ಲ, ತರಗತಿಯೂ ಇಲ್ಲದಿದ್ದರೆ ಉಳಿಯುವುದು ಬರೀ ಪುಸ್ತಕ. ಇನ್ನು ಅಮೆರಿಕದ ಎಂ.ಪಿ.ಎ., ಅಂದರೆ ಅಲ್ಲಿನ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿಯ ವಿಚಾರ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಸ್ಕೂಲ್ 1924ರಿಂದ ಈ ವಿಷಯವನ್ನು ಕಲಿಸುತ್ತಿದೆ, ಅದರ ಹಿರಿಮೆ ದೊಡ್ಡದು. ಆದರೆ ಅಲ್ಲಿನ ಪಾಠಗಳ ಹೆಚ್ಚಿನ ಉದಾಹರಣೆಗಳು ಅಲ್ಲಿನ ನಗರ, ರಾಜ್ಯ, ಒಕ್ಕೂಟ ಸರ್ಕಾರಗಳವು. ನಾಲ್ಕಾರು ವರ್ಷ ಇಲ್ಲಿ ದುಡಿದು ಕೇಳಬೇಕಾದ ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡು ಹೋಗುವುದು ಲೇಸು, ಸಾಧ್ಯವಾದರೆ ವಿದ್ಯಾರ್ಥಿವೇತನದ ಮೇಲೆ.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ಕಡತಗಳ ಟಿಪ್ಪಣಿ ಕನ್ನಡದಲ್ಲಿ, ಕೇಂದ್ರದಿಂದ ಬರುವ ಮಾರ್ಗಸೂಚಿ ಇಂಗ್ಲಿಷಿನಲ್ಲಿ. ಒಂದೇ ಭಾಷೆಯಲ್ಲಿ ಓದಿ ಬಂದವರು ನಮ್ಮ ಶಾಖೆಯಲ್ಲಿ ವರ್ಷಗಟ್ಟಲೆ ತಿಣುಕುತ್ತಿದ್ದರು. ಎಲ್ಲಿಯೇ ಸೇರಿದರೂ ಇನ್ನೊಂದು ಭಾಷೆಯಲ್ಲಿ ಬರೆಯುವ ಅಭ್ಯಾಸವನ್ನು ನೀನಾಗಿಯೇ ಇಟ್ಟುಕೊಳ್ಳಬೇಕಾಗುತ್ತದೆ.

ಶುಲ್ಕ ಕಟ್ಟುವ ಮುನ್ನ ಒಮ್ಮೆ ಖುದ್ದಾಗಿ ವಿಭಾಗಕ್ಕೆ ಹೋಗಿ ಬಾ. ಮುಖ್ಯಸ್ಥರನ್ನು ಕಾಣುವುದಕ್ಕಿಂತ ಮೊದಲು ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕಂಡು, ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಹೋಗಿದ್ದಿರಿ, ಎಷ್ಟು ವಾರ ಇದ್ದಿರಿ, ಬರೆದದ್ದನ್ನು ಮೇಷ್ಟರು ಓದಿ ತಿದ್ದಿಕೊಟ್ಟರೇ ಎಂದು ಕೇಳು. ಕಳೆದ ವರ್ಷದ ಕಿರುಪ್ರಬಂಧಗಳು ಗ್ರಂಥಾಲಯದಲ್ಲಿದ್ದರೆ ಎರಡನ್ನಾದರೂ ತಿರುವಿಹಾಕು. ಒಂದರ ವಾಕ್ಯಗಳು ಇನ್ನೊಂದರಲ್ಲಿ ಹಾಗೆಹಾಗೇ ಇದ್ದರೆ ಆ ವಿಭಾಗದ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕು. ಪಠ್ಯಕ್ರಮಗಳು ಸಿಕ್ಕ ಕೂಡಲೇ ನನಗೂ ವಾಟ್ಸಾಪಿನಲ್ಲಿ ಕಳುಹಿಸು, ಗುರುತು ಹಾಕಿ ಹಿಂದಿರುಗಿಸುತ್ತೇನೆ. ಐ.ಎ.ಎಸ್. ವಿಚಾರವನ್ನು ಭಾವನವರ ಹತ್ತಿರ ನೀನು ಎತ್ತಬೇಡ, ಭಾನುವಾರ ನಾನೇ ಫೋನ್ ಮಾಡುತ್ತೇನೆ.

ಇಂತಿ ನಿನ್ನ ಮಾವ