ಗ್ರಂಥಾಲಯದ ಆ ಮೇಡಂಗೆ

ಮೂರನೆಯ ಶತಮಾನದ ಪರ್ಷಿಯವನ್ನು ಆಳಿದ ಸಸಾನಿಯನ್ ರಾಜವಂಶದ ಆಸ್ಥಾನದ ಮೇಲೆ ನಾಟಕ ಬರೆಯುತ್ತಿದ್ದೆ. ಪರ್ಷಿಯದ ರಾಜರ ಹೆಸರುಗಳು ಎಲ್ಲೆಡೆ ಸಿಗುತ್ತವೆ; ಹೆಂಗಸರದ್ದು, ಅಧಿಕಾರಿಗಳದ್ದು? ತಾಲೀಮು ಬೇರೆ ಹತ್ತಿರ ಬಂದಿತ್ತು.

ಕೌಂಟರಿನಲ್ಲಿದ್ದ ಮೇಡಂ ಪೂರ್ತಿ ಕೇಳಿಸಿಕೊಂಡು, "ಕೂತಿರಿ ಸರ್" ಎಂದು ಒಳಗೆ ಹೋದರು. ತಂದದ್ದು ಇರಾನಿನ ನಕ್ಷ್-ಇ-ರುಸ್ತಮ್‌ನಲ್ಲಿರುವ, ಸಸಾನಿಯನ್ ದೊರೆ ಒಂದನೇ ಶಾಪುರನ ಶಾಸನದ ಅನುವಾದ. ಆಸ್ಥಾನದವರ ಪಟ್ಟಿಯೇ ಅದರಲ್ಲಿದೆ! ದೇನಗ್, ಆದುರ್-ಅನಾಹಿದ್‌ರಂಥ ರಾಜಮನೆತನದ ಹೆಂಗಸರು. ಪಾಪಕನ ಮಗ 'ಪಾಪಕಾನ್' ಆಗುವ ರೂಢಿ. ಇರಾನಿನಲ್ಲಿ ಕುಟುಂಬದ ಹೆಸರು ಕಡ್ಡಾಯವಾದದ್ದು 1920ರ ದಶಕದಲ್ಲಂತೆ. ಪಾತ್ರಗಳಿಗೆ ಕುಟುಂಬದ ಹೆಸರು ಹುಡುಕುವ ತಲೆನೋವೂ ತಪ್ಪಿತು.

ಬೇಕಾದ ಪುಟಗಳಿಗೆಲ್ಲ ಬಸ್ ಟಿಕೆಟ್ ಹರಿದು ಗುರುತಿಟ್ಟಿದ್ದರು. ಬಾಗಿಲು ಹಾಕುವ ಹೊತ್ತಿಗೆ ನನ್ನ ಮೇಜಿನ ದೀಪವೊಂದನ್ನು ಉಳಿಸಿ, "ಬರ್ಕೊಳ್ಳಿ, ಕಾಯ್ತೀನಿ" ಎಂದರು. ಎದೆ ಹಗುರಾಯಿತು.

ಥ್ಯಾಂಕ್ಸ್ ಮೇಡಂ. ಮೊದಲ ಪ್ರದರ್ಶನಕ್ಕೆ ಮುಂದಿನ ಸಾಲಿನ ಕುರ್ಚಿ ನಿಮ್ಮದು.