ಪೀಠಿಕೆ ಓದಿಸಿದಿರಿ, ಚುನಾವಣೆ ಯಾವಾಗ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಕೇಂದ್ರದಲ್ಲಿ ನಡೆದ ಸಂವಿಧಾನ ದಿನದ ವರದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಫೋಟೊ ಚೆನ್ನಾಗಿದೆ. ಅದರಲ್ಲಿ ಕಾಣದ್ದನ್ನು ನಾನು ಹೇಳಬೇಕು.

ಅವತ್ತು ಬಸ್ ನಿಲ್ದಾಣದಿಂದ ಮಿನಿ ವಿಧಾನಸೌಧದವರೆಗೆ ರಸ್ತೆ ಬಂದ್. ಆಟೊ ಬಿಡಲಿಲ್ಲ. ಮಂಡಿ ನೋವಿರುವ ಅತ್ತೆಯನ್ನು ಬಿಸಿಲಲ್ಲಿ ನಡೆಸಿಕೊಂಡೇ ಹೋದೆ. ಅವರ ವೃದ್ಧಾಪ್ಯ ವೇತನ ನಿಂತುಹೋಗಿದೆ. ಕೌಂಟರ್‌ನಲ್ಲಿ ಒಬ್ಬರೂ ಇಲ್ಲ. ‘ಎಲ್ಲ ಕಾರ್ಯಕ್ರಮದಲ್ಲಿದ್ದಾರೆ, ಮಧ್ಯಾಹ್ನದ ಮೇಲೆ ಬನ್ನಿ’ ಎಂದು ಯಾರೋ ಹೇಳಿದರು. ಕುಡಿಯೋಕೆ ನೀರೂ ಇರಲಿಲ್ಲ.

ನನಗೆ ಇನ್ನೊಂದು ಕೆಲಸವೂ ಇತ್ತು. ನಮ್ಮೂರ ಸರ್ಕಾರಿ ಶಾಲೆಯ ಹೆಂಚು ಒಡೆದು, ಎರಡು ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಪರವಾಗಿ ಅರ್ಜಿ ಹಿಡಿದು ತಾಲ್ಲೂಕು ಪಂಚಾಯಿತಿಗೆ ಹೋದೆ. ಅಧ್ಯಕ್ಷರ ಕೊಠಡಿಗೆ ಬೀಗ. ಗೋಡೆಯ ಮೇಲೆ ಅಧ್ಯಕ್ಷರ ಹೆಸರುಗಳ ಮರದ ಫಲಕ. ಕೊನೆಯ ಹೆಸರಿನ ಎದುರು 2021 ಎಂದಿದೆ. ಅದರ ಕೆಳಗೆ ಬಣ್ಣ ಬಳಿದ ಖಾಲಿ ಜಾಗ. ‘ಸದಸ್ಯರೇ ಇಲ್ವಲ್ಲಮ್ಮ, ಆಡಳಿತಾಧಿಕಾರಿಗೆ ಕೊಡಿ’ ಎಂದರು ಗುಮಾಸ್ತರು. ಆಡಳಿತಾಧಿಕಾರಿ ಯಾವತ್ತು ಸಿಗುತ್ತಾರೆ ಅಂದರೆ ಅವರಿಗೂ ಗೊತ್ತಿಲ್ಲ.

ಹೊರಗೆ ಮೈಕ್‌ನಲ್ಲಿ ಓದಿಸುತ್ತಿದ್ದ ಅದೇ ಸಂವಿಧಾನದಲ್ಲಿ 243ಇ ವಿಧಿ ಇದೆ. ಪಂಚಾಯಿತಿಗೆ 5 ವರ್ಷ, ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ. ಆ ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ನಾವು ಕೊನೆಯ ಸಲ ಮತ ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟರು. ಆಮೇಲೆ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಮುಂದೂಡಿದ್ದೇ ಮುಂದೂಡಿದ್ದು. ಸರ್ಕಾರ ಬದಲಾದರೂ ನೆಪ ಬದಲಾಗಲಿಲ್ಲ. 1987ರಲ್ಲೇ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಚುನಾವಣೆ ಮಾಡಿ, ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟ ರಾಜ್ಯ ಇದು. ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬ್ ಕಟ್ಟಿಕೊಟ್ಟಿದ್ದನ್ನು ಹೀಗೆ ಬೀಗ ಹಾಕಿ ಇಡುವುದಾ?

ಸದಸ್ಯರು ಇದ್ದಾಗ ಸಂತೆಯಲ್ಲೇ ನಿಲ್ಲಿಸಿ ಕೇಳುತ್ತಿದ್ದೆವು. ಅಧಿಕಾರಿಯನ್ನು ಹಾಗೆ ಕೇಳೋಕೆ ಆಗುತ್ತಾ? ಹಿಂದೆ ಜನಸ್ಪಂದನದಲ್ಲಿ ಚರಂಡಿ ಬಗ್ಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಚೀಟಿ ಬಂತು, ಕೆಲಸ ಬರಲಿಲ್ಲ. ತೆಗೆದುಕೊಂಡವರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರು ಫೈಲೇ ಸಿಗುತ್ತಿಲ್ಲ ಅಂತಾರೆ. ಬೀದಿ ದೀಪದ ಕತೆಯೂ ಅಷ್ಟೇ.

ಸಂವಿಧಾನ ಒಪ್ಪಿಕೊಂಡು 75 ವರ್ಷವಾಯಿತು ಎಂದು ಭಾಷಣ ಮಾಡಿದವರು ಮೊದಲು ಚುನಾವಣೆಯ ದಿನಾಂಕ ಹೇಳಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿ ವಾರಕ್ಕೊಂದು ದಿನವಾದರೂ ಕುರ್ಚಿಯಲ್ಲಿ ಕೂರಲಿ. ಅದೂ ಆಗದಿದ್ದರೆ ಶಾಲೆಯ ಹೆಂಚನ್ನಾದರೂ ಹಾಕಿಸಿ. ಮಕ್ಕಳ ಕೈಲಿ ಪೀಠಿಕೆ ಓದಿಸುವವರಿಗೆ ಆ ಮಕ್ಕಳು ಎಲ್ಲಿ ಕೂತು ಓದುತ್ತಿದ್ದಾರೆ ಎಂದು ನೋಡೋಕೆ ಏನು ಕಷ್ಟ?

– ನೊಂದ ಪೋಷಕಿ, ಎಸ್‌ಡಿಎಂಸಿ ಸದಸ್ಯೆ